ಹಳೇ ಜೀಪಿನ ಮೀಟರ್ ಸುಳ್ಳು ಹೇಳುತ್ತಿದೆಯಾ? ಹೊಸದು ತರುವ ಮೊದಲು ಇಷ್ಟು ನೋಡಿ

ಜುಲೈ ತಿಂಗಳ ಒಂದು ಸಂಜೆ. ಕುಂದಾಪುರದಿಂದ ವಾಪಸ್ ಬರುತ್ತಾ ಹೊಸಂಗಡಿ ದಾಟಿ ಹುಲಿಕಲ್ ಘಾಟಿ ಹತ್ತುತ್ತಿದ್ದೆ. ಪಕ್ಕದಲ್ಲಿ ಅಪ್ಪಯ್ಯ, ಹಿಂದೆ ಒಂದಿಷ್ಟು ಸಾಮಾನು. ಮಳೆ ಜೋರಾಯಿತು, ವೈಪರ್ ಹಾಕಿದೆ. ಕತ್ತಲಾಯಿತು, ಹೆಡ್‌ಲೈಟ್ ಹಾಕಿದೆ. ನೋಡನೋಡುತ್ತಿದ್ದ ಹಾಗೆ ಟೆಂಪರೇಚರ್ ಮುಳ್ಳು ಮೆಲ್ಲಗೆ ಎದ್ದು ಕೆಂಪು ಗೆರೆಯ ಹತ್ತಿರ ಹೋಗಿ ನಿಂತಿತು.

ಚಂಡಿಕಾಂಬಾ ದೇವಸ್ಥಾನದ ಹತ್ತಿರ ಜೀಪು ನಿಲ್ಲಿಸಿ ಬಾನೆಟ್ ಎತ್ತಿದೆ. ಆವಿ ಇಲ್ಲ. ರೇಡಿಯೇಟರ್ ಕುದಿಯುವ ಸದ್ದಿಲ್ಲ. ಮೇಲಿನ ಹೋಸ್ ಪೈಪು ಬಿಸಿಯಾಗಿತ್ತು, ಆದರೆ ಕಲ್ಲಿನ ಹಾಗೆ ಬಿಗಿದುಕೊಂಡಿರಲಿಲ್ಲ. ಅಪ್ಪಯ್ಯ ಒಂದೇ ಮಾತು ಹೇಳಿದರು: "ತಮಾ, ಬಿಸಿ ವಾಸನೆನೇ ಇಲ್ಲೆ." ಲೈಟು ಆರಿಸಿದೆ. ಎಣಿಸಿ ಅರ್ಧ ನಿಮಿಷದಲ್ಲಿ ಮುಳ್ಳು ಮಧ್ಯಕ್ಕೆ ಇಳಿಯಿತು.

ಅಲ್ಲೇ ನನಗೆ ಉತ್ತರ ಸಿಕ್ಕಿತ್ತು. ಆದರೆ ಗೊತ್ತಾಗಲಿಲ್ಲ. ಮುಂದಿನ ವಾರ ಶಿವಮೊಗ್ಗಕ್ಕೆ ಹೋಗಿ ಚೆಂದದ ಒಂದು ಹೊಸ ಮೀಟರ್ ತಂದು, ಇಂಜಿನ್ ಮೇಲೆ ಕೂತು ಬಿಸಿ ಅಳೆಯುವ ಹಳೆಯ ಸೆನ್ಸರ್‌ಗೇ ಅದರ ವೈರು ಸಿಕ್ಕಿಸಿದೆ. ಮುಳ್ಳು 60ರ ಕೆಳಗೇ ಇರತೊಡಗಿತು. ಸಮಾಧಾನವಾಯಿತು. ಆಮೇಲೆ ಸೆನ್ಸರ್ ಬಿಚ್ಚಿ ಕುದಿಯುವ ನೀರಿಗೆ ಹಾಕಿ ನೋಡಿದರೆ, ನೀರು ಕೊತಕೊತ ಕುದಿಯುತ್ತಿದ್ದರೂ ಹೊಸ ಮೀಟರ್ 70 ತೋರಿಸುತ್ತಿತ್ತು. ಸುಮ್ನೆ ಜಾಸ್ತಿ ತೋರಿಸಿ ಹೆದರಿಸುವ ಮೀಟರ್‌ಗಿಂತ ಕಡಿಮೆ ತೋರಿಸುವ ಮೀಟರ್ ಬಹಳ ಅಪಾಯ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲು) ಹೋದ ಮೇಲೇ ಗೊತ್ತಾಗುತ್ತದೆ.

ನಮ್ಮ ಕಡೆ ತೋಟಕ್ಕೆ, ಪೇಟೆಗೆ ಇನ್ನೂ ಹಳೇ ಡೀಸೆಲ್ ಜೀಪುಗಳೇ ಓಡುತ್ತವೆ. ಡ್ಯಾಶ್‌ಬೋರ್ಡಿನ ಮೀಟರ್‌ಗಳಲ್ಲಿ ಅರ್ಧ ಸತ್ತಿರುತ್ತವೆ. ಹೆಚ್ಚಿನವರು ನಾನು ಮಾಡಿದ್ದನ್ನೇ ಮಾಡುತ್ತಾರೆ: ಮೊದಲು ಮೀಟರ್ ಬದಲಾಯಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಕೆಟ್ಟಿರುವುದು ಮೀಟರ್ ಆಗಿರುವುದೇ ಕಡಿಮೆ. ಅರ್ಥ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ), ವೈರು, ಸೆನ್ಸರ್, ಈ ಮೂರನ್ನು ನೋಡದೆ ಅಂಗಡಿಗೆ ಹೋಗಬೇಡಿ.

ಇಂಜಿನ್ ನಿಜವಾಗಿ ಬಿಸಿಯಾಗಿದೆಯಾ?

ಮುಳ್ಳು ಕೆಂಪಿಗೆ ಹೋದರೆ ಮೊದಲು ಅದು ನಿಜ ಅಂತಲೇ ತಿಳಿದುಕೊಳ್ಳಿ. ಗಾಡಿ ಪಕ್ಕಕ್ಕೆ ಹಾಕಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಯಾವ ಕಾರಣಕ್ಕೂ ತೆಗೆಯಬೇಡಿ. ಮುಚ್ಚಳದ ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರಿನ ಮಟ್ಟ ನೋಡಿ. ಇಲ್ಲೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಹೋಸ್ ಒಡೆದು ನೀರೆಲ್ಲ ಸೋರಿ ಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುತ್ತದೆ. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬರುತ್ತದೆ. ಘಾಟಿಯಲ್ಲಿ ಮುಳ್ಳು ಮೇಲೆ ಹೋಗಿ, ಆಮೇಲೆ ಕಾರಣವೇ ಇಲ್ಲದೆ ದಢಕ್ಕನೆ ಬಿದ್ದರೆ ಖುಷಿ ಪಡಬೇಡಿ, ಕೂಡಲೇ ನಿಲ್ಲಿಸಿ.

ನೀರು ಸರಿ ಇದೆ, ಫ್ಯಾನ್ ಬೆಲ್ಟ್ ಬಿಗಿಯಾಗಿದೆ, ರೇಡಿಯೇಟರ್ ಮುಂದೆ ಕೆಸರು, ಎಲೆ ಕಟ್ಟಿಲ್ಲ, ಆದರೂ ಮುಳ್ಳು ಕೆಂಪಿನಲ್ಲಿದೆ ಅಂದರೆ ಮುಂದಿನ ಕೆಲಸ ವೈರಿಂಗ್‌ನದ್ದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಸಾದಾ ಮಲ್ಟಿಮೀಟರ್, 12 ವೋಲ್ಟ್ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್, ಒಂದು ಮಾರು ಉದ್ದದ ವೈರು, ಎಮರಿ ಶೀಟು, ನೀರು ಕಾಯಿಸಲು ಒಂದು ಹಳೇ ಪಾತ್ರೆ. 110 ಡಿಗ್ರಿಯ ತನಕ ತೋರಿಸುವ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ಮೊದಲು ಅರ್ಥ್

ನನ್ನ ಜೀಪಿನಲ್ಲಿ ಬ್ಯಾಟರಿಯ ನೆಗೆಟಿವ್ ವೈರು ಇಂಜಿನ್‌ಗೆ ಹೋಗುತ್ತದೆ. ಇಂಜಿನ್‌ನಿಂದ ಬಾಡಿಗೆ ತಾಮ್ರದ ಎಳೆ ಹೆಣೆದ ಒಂದು ಪಟ್ಟಿ ಇದೆ. ಲೈಟು, ವೈಪರ್, ಹಾರ್ನ್ ಎಲ್ಲದರ ಕರೆಂಟು ಬಾಡಿಯ ಮೂಲಕ ಬಂದು ಈ ಪಟ್ಟಿ ಹಿಡಿದೇ ಬ್ಯಾಟರಿಗೆ ವಾಪಸ್ ಹೋಗಬೇಕು. ಇಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಹಾಗಾಗಿ ಬೇರೆ ಒಳ್ಳೆಯ ದಾರಿ ಇಲ್ಲ.

ಆ ಪಟ್ಟಿಯನ್ನು ಬಿಚ್ಚಿ ಅಂಗೈಯಲ್ಲಿಟ್ಟು ನೋಡಿದೆ. ಮೇಲಿಂದ ಕಪ್ಪು ಎಣ್ಣೆ ಮಣ್ಣು, ಅಷ್ಟೇ. ಒರೆಸಿದರೆ ತುದಿಯ ಥಿಂಬಲ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಒಳಗೆ ಹಸಿರು ಕಿಲುಬು, ಪುಡಿಪುಡಿಯಾಗಿ ಉದುರುತ್ತಿತ್ತು. ಎಳೆಗಳಲ್ಲಿ ಅರ್ಧ ತುಂಡಾಗಿದ್ದವು. ಬೋಲ್ಟ್ ಕೂರುವ ಜಾಗದಲ್ಲಿ ಯಾವಾಗಲೋ ಬಾಡಿಗೆ ಪೇಂಟ್ ಹೊಡೆಸಿದಾಗ ಪೇಂಟಿನ ಮೇಲೇ ಬೋಲ್ಟ್ ಬಿಗಿದಿದ್ದರು. ಇಷ್ಟು ವರ್ಷ ಕರೆಂಟು ಬೋಲ್ಟಿನ ಗುಣಿಯ, ಅಂದರೆ ಥ್ರೆಡ್‌ನ, ಒಂದೆರಡು ಸುತ್ತಿನ ಮೇಲೆ ಬದುಕಿತ್ತು.

ಹೀಗಾದಾಗ ಏನಾಗುತ್ತದೆ? ಹೆಡ್‌ಲೈಟ್ ಹಾಕಿದಾಗ ಅಷ್ಟೂ ಕರೆಂಟು ಆ ಸವೆದ ಜಾಗ ದಾಟಲು ಕಷ್ಟಪಡುತ್ತದೆ. ಬಾಡಿಗೂ ಇಂಜಿನ್‌ಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ. ಟೆಂಪರೇಚರ್ ಸೆನ್ಸರ್ ಇರುವುದು ಇಂಜಿನ್ ಮೇಲೆ, ಮೀಟರ್ ಇರುವುದು ಬಾಡಿಯಲ್ಲಿ. ಆ ವ್ಯತ್ಯಾಸವೂ ಸೇರಿ ಮೀಟರ್‌ಗೆ ಜಾಸ್ತಿ ಕರೆಂಟು ಹರಿಯುತ್ತದೆ, ಮುಳ್ಳು ಏಳುತ್ತದೆ. ಡೀಸೆಲ್ ಟ್ಯಾಂಕಿನ ಫ್ಲೋಟ್ ಬಾಡಿ, ಚಾಸಿಯ ಕಡೆಗೇ ಅರ್ಥ್ ಆಗಿರುವುದರಿಂದ ಡೀಸೆಲ್ ಮುಳ್ಳು ಅಲ್ಲಾಡುವುದಿಲ್ಲ. ಇದೇ ಗುರುತು. ಲೈಟು ಹಾಕಿದಾಗ ಟೆಂಪರೇಚರ್ ಮಾತ್ರ ಏರಿದರೆ, ಡೀಸೆಲ್ ಸರಿ ಇದ್ದರೆ, ಇಂಜಿನ್ ಮತ್ತು ಬಾಡಿ ನಡುವಿನ ಅರ್ಥ್ ಮೇಲೆ ಕಣ್ಣಿಡಿ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕೆಂಪು ಮೊನೆಯನ್ನು ಬಾಡಿಯ ಪೇಂಟಿಲ್ಲದ ಲೋಹಕ್ಕೆ, ಕಪ್ಪು ಮೊನೆಯನ್ನು ಇಂಜಿನ್ ಬ್ಲಾಕಿಗೆ ಒತ್ತಿ ಹಿಡಿಯಿರಿ. ಇಂಜಿನ್ ಸ್ಟಾರ್ಟ್ ಮಾಡಿ ಲೈಟು, ವೈಪರ್ ಎಲ್ಲ ಹಾಕಿ. 0.1 ವೋಲ್ಟ್ ಆಸುಪಾಸು ಬಂದರೆ ಚೆನ್ನಾಗಿದೆ. ನನ್ನದರಲ್ಲಿ 1 ವೋಲ್ಟ್ ದಾಟಿತ್ತು. ಹೊಸ ಪಟ್ಟಿ ಹಾಕಿ, ಎರಡೂ ಕಡೆ ಲೋಹ ಹೊಳೆಯುವ ತನಕ ಎಮರಿ ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಖರ್ಚು ಮೀಟರಿನ ಬೆಲೆಯ ಒಂದು ಚೂರು. ಹೆಡ್‌ಲೈಟಿನ ಬೆಳಕೂ ಜಾಸ್ತಿಯಾಯಿತು.

ನಮ್ಮ ಮಲೆನಾಡಿನ ಮಳೆಗಾಲಕ್ಕೆ ಇದು ವರ್ಷ ವರ್ಷ ನೋಡಬೇಕಾದ ಕೆಲಸ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಹಸಿಯಲ್ಲಿ ತಾಮ್ರ ಕಿಲುಬು ಹಿಡಿಯದೆ ಇರುತ್ತದೆಯೇ? ಜೊತೆಗೆ ಇಲಿ. ಕೊಟ್ಟಿಗೆ ಪಕ್ಕ ನಿಲ್ಲಿಸುವ ಜೀಪಿನಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ವೈರನ್ನು ಒಮ್ಮೆ ಟಾರ್ಚ್ ಹಾಕಿ ನೋಡಿ, ಹಲ್ಲಿನ ಗುರುತು ಕಂಡರೂ ಕಾಣಬಹುದು.

ಮೀಟರ್ ಬದುಕಿದೆಯಾ?

ಸೆನ್ಸರ್ ವೈರು ಬಿಚ್ಚಿ, ಕೀ ಆನ್ ಮಾಡಿ. ಮುಳ್ಳು ತಣ್ಣನೆಯ ತುದಿಗೆ ಬೀಳಬೇಕು. ಈಗ ಆ ವೈರಿನ ತುದಿಯನ್ನು ಇಂಜಿನ್‌ಗೆ ಮುಟ್ಟಿಸಿ. ಮುಳ್ಳು ಬಿಸಿಯ ತುದಿಯ ಕಡೆಗೆ ಹೋಗಬೇಕು. ಹೋಗಲು ಶುರು ಮಾಡಿದ ಕೂಡಲೇ ತೆಗೆಯಿರಿ. ಜಾಸ್ತಿ ಹೊತ್ತು ಹಿಡಿದರೆ ಮೀಟರ್ ಒಳಗಿನ ಸುರುಳಿ ಸುಟ್ಟು ಹೋಗುತ್ತದೆ. ಎರಡೂ ಸರಿಯಾದರೆ ಮೀಟರ್ ಮತ್ತು ವೈರು ಬದುಕಿವೆ, ಸೆನ್ಸರ್ ಮೇಲೆ ಅನುಮಾನ. ಬಿಚ್ಚಿದರೂ ಮುಳ್ಳು ಮೇಲೇ ಇದ್ದರೆ ವೈರು ಎಲ್ಲೋ ಬಾಡಿಗೆ ತಾಗುತ್ತಿದೆ. ಮುಟ್ಟಿಸಿದರೂ ಏಳದಿದ್ದರೆ ಅದೇ ಪರೀಕ್ಷೆಯನ್ನು ಮೀಟರ್ ಹಿಂಭಾಗದ ಟರ್ಮಿನಲ್‌ನಲ್ಲೇ ಮಾಡಿ. ಅಲ್ಲಿ ಎದ್ದರೆ ನಡುವಿನ ವೈರು ತುಂಡಾಗಿದೆ. ಅಲ್ಲೂ ಏಳದಿದ್ದರೆ ಮೀಟರ್‌ಗೆ ಕರೆಂಟು ಬರುತ್ತಿದೆಯಾ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಕರೆಂಟು ಬಂದೂ ಏಳದಿದ್ದರೆ ಮಾತ್ರ ಮೀಟರ್ ಹೋಗಿದೆ ಅನ್ನಿ.

ಇನ್ನೊಂದು ಗುರುತು. ಕೀ ಆನ್ ಮಾಡಿದಾಗ ಮುಳ್ಳು ಸೋಮಾರಿಯ ಹಾಗೆ ನಿಧಾನ ಏಳುತ್ತದೆಯಾ? ಹಾಗಿದ್ದರೆ ನಿಮ್ಮದು ಒಳಗೆ ಲೋಹದ ಪಟ್ಟಿ ಕಾಯ್ದು ಬಾಗುವ ಹಳೇ ಮಾದರಿ. ಇವುಗಳ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಬ್ಯಾಟರಿಯ ವೋಲ್ಟೇಜ್ ಏರಿಳಿದರೂ ಮೀಟರ್‌ಗೆ ಸರಾಸರಿ 10 ವೋಲ್ಟ್ ಕೊಡುವುದು ಅದರ ಕೆಲಸ. ಡೀಸೆಲ್ ಮತ್ತು ಟೆಂಪರೇಚರ್ ಎರಡಕ್ಕೂ ಅದೊಂದೇ. ಎರಡೂ ಮುಳ್ಳು ಒಟ್ಟಿಗೆ ಸತ್ತರೆ, ಇಲ್ಲವೇ ಎರಡೂ ಒಟ್ಟಿಗೆ ಜಾಸ್ತಿ ತೋರಿಸಿದರೆ, ಕಳ್ಳ ಅದೇ. ಅದರ ಮೈ ಡ್ಯಾಶ್‌ಬೋರ್ಡಿಗೆ ಅರ್ಥ್ ಆಗಿರದಿದ್ದರೂ ಎರಡೂ ಮೇಲೆ ಹೋಗುತ್ತವೆ, ಮೊದಲು ಸ್ಕ್ರೂ ಬಿಗಿ ಮಾಡಿ ನೋಡಿ.

ಹಳೇ ಸ್ಟೆಬಿಲೈಸರ್ ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 7810 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಕೇಳಿ. ಅದು ನೇರ 10 ವೋಲ್ಟ್ ಕೊಡುತ್ತದೆ. ನಂಬರು ನಿಮ್ಮ ಕಡೆ ಬರುವಂತೆ ಹಿಡಿದರೆ ಎಡದ ಕಾಲು ಒಳಗೆ ಬರುವ ಕರೆಂಟು, ನಡುವಿನದ್ದು ಅರ್ಥ್, ಬಲದ್ದು ಹೊರಗೆ ಹೋಗುವುದು. ಅದರ ಲೋಹದ ಬೆನ್ನನ್ನು ಡ್ಯಾಶ್‌ಬೋರ್ಡಿನ ತಗಡಿಗೆ ಸ್ಕ್ರೂ ಹಾಕಿ ಕೂರಿಸಿ, ಬಿಸಿ ಹೋಗಲು ಜಾಗವಾಗುತ್ತದೆ. ಇದು ಬೆಲೆಯಲ್ಲಿ ಕಾಫಿ ತಿಂಡಿಯ ಲೆಕ್ಕ. ಎರಡು ಮೀಟರ್ ಕೊಳ್ಳುವ ಹಣ ಉಳಿಯಬಹುದು.

ಸೆನ್ಸರನ್ನು ನೀರಿಗೆ ಹಾಕಿ ನೋಡುವುದು

ಇದು ನನಗೆ ಅತಿ ಇಷ್ಟದ ಪರೀಕ್ಷೆ, ಯಾಕೆಂದರೆ ಇದರಲ್ಲಿ ಊಹೆಗೆ ಜಾಗವೇ ಇಲ್ಲ. ಸೆನ್ಸರ್ ಬಿಚ್ಚಿ, ಅದರ ಮೂತಿಯನ್ನು ಮಾತ್ರ ನೀರಿಗೆ ಇಳಿಸಿ, ಟರ್ಮಿನಲ್ ಮೇಲೆ ಇರಲಿ. ಮಲ್ಟಿಮೀಟರನ್ನು ಓಮ್‌ಗೆ (ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಅಳತೆಗೆ) ಇಟ್ಟು ಒಂದು ಮೊನೆ ಟರ್ಮಿನಲ್‌ಗೆ, ಇನ್ನೊಂದು ಹಿತ್ತಾಳೆಯ ಮೈಗೆ ಸಿಕ್ಕಿಸಿ ನೀರು ಕಾಯಿಸುತ್ತಾ ಹೋಗಿ. ನೀರು ಬಿಸಿಯಾದ ಹಾಗೆ ಓಮ್ ಇಳಿಯಬೇಕು. ಒಂದೇ ಸಮನೆ, ಎಲ್ಲೂ ಹಾರದೆ ಇಳಿಯಬೇಕು. ಎಷ್ಟಕ್ಕೆ ಎಷ್ಟು ಅನ್ನುವುದು ಸೆನ್ಸರ್ ಮಾದರಿಯ ಮೇಲೆ. ಉದಾಹರಣೆಗೆ ಬಹಳ ಕಡೆ ಬಳಕೆಯಲ್ಲಿರುವ, ಜರ್ಮನಿಯ ಮೀಟರ್ ಕಂಪೆನಿ ವಿಡಿಒದ ಒಂದು ಮಾದರಿ 40 ಡಿಗ್ರಿಯಲ್ಲಿ ಸುಮಾರು 290 ಓಮ್, 80 ಡಿಗ್ರಿಯಲ್ಲಿ ಸುಮಾರು 70, 100 ಡಿಗ್ರಿಯಲ್ಲಿ ಸುಮಾರು 38 ತೋರಿಸುತ್ತದೆ. ನಿಮ್ಮದು ಬೇರೆ ತೋರಿಸಿದರೆ ಕೆಟ್ಟಿದೆ ಅಂತಲ್ಲ, ಬೇರೆ ಮಾದರಿ ಇರಬಹುದು. 40, 60, 80, ಕುದಿ, ಈ ನಾಲ್ಕು ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಇದೇ ನಿಮ್ಮ ಜಾತಕ.

ಶಿವಮೊಗ್ಗ ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 98 ಡಿಗ್ರಿಗೆ. ಘಟ್ಟದ ಮೇಲಿನ ಊರುಗಳಲ್ಲಿ ಇನ್ನೂ ಸ್ವಲ್ಪ ಕಡಿಮೆ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿಯುವ ನೀರನ್ನು 98 ಅಂತ ಇಟ್ಟುಕೊಂಡರೆ ಸಾಕು.

ಸೆನ್ಸರ್ ವಾಪಸ್ ಹಾಕುವಾಗ ಬಹಳ ಜನ ಗುಣಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತುತ್ತಾರೆ, ನಲ್ಲಿಗೆ ಸುತ್ತಿದ ಹಾಗೆ. ಒಂದೇ ವೈರಿನ ಸೆನ್ಸರ್ ತನ್ನ ಗುಣಿಯ ಮೂಲಕವೇ ಅರ್ಥ್ ಪಡೆಯುವುದು. ದಪ್ಪ ಟೇಪು ಆ ಅರ್ಥನ್ನು ಕೆಡಿಸುತ್ತದೆ. ಆಗ ಸೆನ್ಸರ್ ಹೊಸದಾದರೂ ಮುಳ್ಳು ಕಡಿಮೆ ತೋರಿಸುತ್ತದೆ.

ಡೀಸೆಲ್ ಮೀಟರ್, ಸಣ್ಣದಾಗಿ

ಡೀಸೆಲ್ ಮೀಟರ್ ಕೆಟ್ಟರೆ ಹತ್ತಕ್ಕೆ ಎಂಟು ಸಲ ಟ್ಯಾಂಕ್ ಫ್ಲೋಟ್ ಅಥವಾ ಅದರ ಅರ್ಥ್ ಅಂತ ನನ್ನ ಅಂದಾಜು. ಫ್ಲೋಟನ್ನು ಹೊರತೆಗೆದು ಕೈಯಲ್ಲೇ ಮೇಲೆ ಕೆಳಗೆ ಮಾಡಿ ಓಮ್ ನೋಡಿ. ನಡುವೆ ಎಲ್ಲಾದರೂ ಅಂಕಿ ಮಾಯವಾದರೆ ಒಳಗಿನ ಸುರುಳಿ ಅಲ್ಲಿ ಸವೆದಿದೆ. ತೂತಾಗಿ ಡೀಸೆಲ್ ತುಂಬಿಕೊಂಡ ಫ್ಲೋಟ್ ಏಳುವುದೇ ಇಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಇಲ್ಲೂ ಮಾದರಿಯ ಗೊಂದಲ ಇದೆ. ಅಮೆರಿಕನ್ ಪದ್ಧತಿಯ ಫ್ಲೋಟ್ ಖಾಲಿ ಇದ್ದಾಗ 240 ಓಮ್, ತುಂಬಿದಾಗ 33. ಯುರೋಪಿನ ವಿಡಿಒ ಪದ್ಧತಿಯದ್ದು ತದ್ವಿರುದ್ಧ, ಖಾಲಿಗೆ 10, ತುಂಬಿದರೆ 180. ಒಂದರ ಫ್ಲೋಟ್‌ಗೆ ಇನ್ನೊಂದರ ಮೀಟರ್ ಹಾಕಿದರೆ ಟ್ಯಾಂಕ್ ತುಂಬಿದಾಗ ಖಾಲಿ ಅನ್ನುತ್ತದೆ. ಹಾಗಾದರೆ ಕೆಟ್ಟ ಮಾಲು ಕೊಟ್ಟರು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಆಯಿಲ್ ಪ್ರೆಶರ್

ಇದೊಂದರಲ್ಲಿ ಹಣ ಉಳಿಸಲು ಹೋಗಬೇಡಿ ಅನ್ನುತ್ತೇನೆ. ಅದೃಷ್ಟಕ್ಕೆ ಇದರಲ್ಲಿ ಅತ್ಯಂತ ನಂಬಿಕೆಯ ಮೀಟರೇ ಅಗ್ಗದ್ದೂ ಹೌದು: ಸಣ್ಣ ಕೊಳವೆಯಲ್ಲಿ ಆಯಿಲ್ ನೇರ ಮೀಟರ್‌ಗೆ ಬರುವ ಮೆಕ್ಯಾನಿಕಲ್ ಮೀಟರ್. ಅದಕ್ಕೆ ಕರೆಂಟು ಬೇಡ, ಅರ್ಥ್ ಬೇಡ, ಸೆನ್ಸರ್ ಬೇಡ.

ಡ್ಯಾಶ್‌ಬೋರ್ಡಿನ ಮುಳ್ಳು ಕೆಳಗಿದೆ ಅಂದಾಗ ಇಂಜಿನ್ ಆಫ್ ಮಾಡಿ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಇದೆ ಅಂದರೆ, ಮೆಕ್ಯಾನಿಕಲ್ ಮೀಟರ್ ತಗುಲಿಸಿ ನಿಜವಾದ ಪ್ರೆಶರ್ ನೋಡುವ ತನಕ ಗಾಡಿ ಓಡಿಸಬೇಡಿ. ಗ್ಯಾರೇಜಿನಲ್ಲಿ ಅದು ಇದ್ದೇ ಇರುತ್ತದೆ. ಎಷ್ಟಿರಬೇಕು ಅನ್ನುವುದು ಇಂಜಿನ್ ಕೈಪಿಡಿ ಹೇಳುವ ಮಾತು. ಆದರೆ ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ ಒಂದಿದೆ: ಬಿಸಿ ಇಂಜಿನ್‌ಗೆ ಪ್ರತಿ 1,000 ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತಿಗೆ) 10 ಪಿಎಸ್‌ಐ, ಅಂದರೆ ಒಂದು ಚದರ ಇಂಚಿಗೆ 10 ಪೌಂಡ್ ಒತ್ತಡ. ನಮ್ಮ ಕಡೆಯ ಎಷ್ಟೋ ಮೀಟರ್‌ಗಳಲ್ಲಿ ಅಂಕಿ ಕೆಜಿ ಲೆಕ್ಕದಲ್ಲಿರುತ್ತದೆ, ಅಂದರೆ ಒಂದು ಚದರ ಸೆಂಟಿಮೀಟರ್‌ಗೆ ಇಷ್ಟು ಕೆಜಿ ಒತ್ತಡ. ಅದರಲ್ಲಿ 1 ಅಂದರೆ ಸುಮಾರು 14 ಪಿಎಸ್‌ಐ. ಗೊತ್ತಿಲ್ಲದೆ 3 ತೋರಿಸುತ್ತಿದೆ ಅಂತ ಗಾಬರಿಯಾದವರನ್ನು ನಾನು ನೋಡಿದ್ದೇನೆ. ಅದು 40 ಪಿಎಸ್‌ಐಗಿಂತ ಮೇಲೆ, ಒಳ್ಳೆಯ ಪ್ರೆಶರ್.

ಕೊಳವೆ ಒಡೆದರೆ ಬಿಸಿ ಆಯಿಲ್ ಕಾಲ ಮೇಲೆ ಬೀಳುತ್ತದೆ, ಇಂಜಿನ್ ಆಯಿಲೂ ಖಾಲಿ. ಪ್ಲಾಸ್ಟಿಕ್ ಕೊಳವೆ ಸೈಲೆನ್ಸರ್ ಪೈಪಿನ ಹತ್ತಿರ ಹೋಗಲೇಬಾರದು. ತಾಮ್ರದ್ದಾದರೆ ಇಂಜಿನ್ ಅದುರುವುದಕ್ಕೆ ಕಾಲಕ್ರಮೇಣ ಬಿರುಕು ಬಿಡುತ್ತದೆ, ಅದಕ್ಕೇ ಇಂಜಿನ್ ಪಕ್ಕದಲ್ಲಿ ಎರಡು ಸುತ್ತು ಸುರುಳಿ ಬಿಡಬೇಕು. ತಗಡು ದಾಟುವಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಮತ್ತೆ, ಕೆಂಪು ಆಯಿಲ್ ಲೈಟಿನ ಸ್ವಿಚ್ ಕಿತ್ತು ಆ ಜಾಗಕ್ಕೆ ಮೀಟರ್ ಹಾಕಬೇಡಿ. 'T' ಆಕಾರದ ಒಂದು ಜೋಡಣೆ ಹಾಕಿದರೆ ಎರಡೂ ಇರುತ್ತವೆ. ಘಾಟಿಯ ತಿರುವಿನಲ್ಲಿ ಕಣ್ಣು ರಸ್ತೆ ಮೇಲಿರುತ್ತದೆ. ಆಗ ಕಾಣುವುದು ಲೈಟು, ಮುಳ್ಳಲ್ಲ.

ಆಂಪಿಯರ್ ಮೀಟರ್ ಇದ್ದರೆ ಎಚ್ಚರ

ಹಳೇ ಜೀಪುಗಳಲ್ಲಿ ಆಂಪಿಯರ್ ಮೀಟರ್ ಇರುತ್ತದೆ, 30ರಿಂದ ಸೊನ್ನೆ, ಸೊನ್ನೆಯಿಂದ 30 ಅಂತ. ಗಾಡಿಯ ಹೆಚ್ಚುಕಡಿಮೆ ಎಲ್ಲ ಕರೆಂಟು ಅದರ ಮೂಲಕವೇ ಹಾದು ಹೋಗುತ್ತದೆ. ಅದರ ಹಿಂದಿನ ನಟ್ ಸಡಿಲವಾದರೆ ಅಲ್ಲಿ ಬಿಸಿಯಾಗಿ ವೈರು ಕರಗುತ್ತದೆ, ಬೆಂಕಿಯೂ ಹತ್ತಬಹುದು. ಬ್ಯಾಟರಿ ವೈರು ಬಿಚ್ಚಿ, ಆ ಎರಡು ನಟ್ ಬಿಗಿ ಇವೆಯಾ ನೋಡಿ. ಈಗ 60 ಆಂಪಿಯರ್ ಆಲ್ಟರ್ನೇಟರ್ ಹಾಕಿಸಿದ್ದೀರಿ, ಮೀಟರ್ ಮಾತ್ರ 30ರದ್ದೇ ಅಂದರೆ ಅದನ್ನು ತೆಗೆದು ವೋಲ್ಟ್ ಮೀಟರ್ ಹಾಕುವುದೇ ಸರಿ.

ತೆಗೆಯುವಾಗ ಆಂಪಿಯರ್ ಮೀಟರ್‌ನ ಎರಡೂ ದಪ್ಪ ವೈರನ್ನು ಒಂದೇ ಬೋಲ್ಟಿಗೆ ಸೇರಿಸಿ ಬಿಗಿದು, ಚೆನ್ನಾಗಿ ಸುತ್ತಿ ಮುಚ್ಚಬೇಕು. ಬಿಟ್ಟರೆ ಗಾಡಿಗೆ ಕರೆಂಟೇ ಇರುವುದಿಲ್ಲ. ವೋಲ್ಟ್ ಮೀಟರ್‌ಗೆ ಸಣ್ಣ ವೈರು ಸಾಕು: ಒಂದು ಕೀ ಆನ್ ಮಾಡಿದಾಗ ಬರುವ ಕರೆಂಟಿಗೆ, ಇನ್ನೊಂದು ಅರ್ಥ್‌ಗೆ. ಈ ಎರಡು ಮೀಟರನ್ನು ಅದಲುಬದಲು ಮಾಡಿ ಆಂಪಿಯರ್ ಮೀಟರನ್ನು ಹೀಗೆ ಕರೆಂಟಿಗೂ ಅರ್ಥ್‌ಗೂ ನಡುವೆ ಹಾಕಿದರೆ ನೇರ ಶಾರ್ಟ್.

ಓದುವುದು ಸುಲಭ. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್. ಇಂಜಿನ್ ಓಡುವಾಗ 13.8ರಿಂದ 14.4. ಓಡುವಾಗಲೂ 12.5ರಲ್ಲೇ ಇದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಚಾರ್ಜಿಂಗ್ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ.

ಕೊಳ್ಳಲೇಬೇಕು ಅಂದಾಗ

ಎಲ್ಲ ನೋಡಿಯೂ ಮೀಟರೇ ಸತ್ತಿದೆ ಅಂತ ಖಾತ್ರಿಯಾಯಿತು. ಈಗ ಅಂಗಡಿಗೆ ಹೋಗಿ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಅರ್ಧ ದಿನ ತಿರುಗಿದರೆ ಬೇಕಾದ್ದು ಹೆಚ್ಚುಕಡಿಮೆ ಸಿಗುತ್ತದೆ. ಸಿಗದಿದ್ದರೆ ಬೆಂಗಳೂರಿನ ಜೆಸಿ ರಸ್ತೆ. ಆದರೆ ನಾನು ಮೊದಲು ಹೋಗುವುದು ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಗೆ. ಟ್ರ್ಯಾಕ್ಟರ್‌ಗೂ 12 ವೋಲ್ಟೇ, ಅದರ ಮೀಟರ್‌ಗಳು ಮಳೆ, ಕೆಸರು, ಅದುರುವಿಕೆ ತಡೆಯಲೆಂದೇ ಮಾಡಿದವು. ಮೆಕ್ಯಾನಿಕಲ್ ಆಯಿಲ್ ಮೀಟರ್, ಮೆಕ್ಯಾನಿಕಲ್ ಟೆಂಪರೇಚರ್ ಮೀಟರ್ ಎರಡೂ ಅಲ್ಲಿ ಇರುತ್ತವೆ. ಚೆಂದಕ್ಕಿಂತ ಕೆಲಸ ಮುಖ್ಯ ಅನ್ನುವವರಿಗೆ ಅಷ್ಟು ಹಣಕ್ಕೆ ಅದಕ್ಕಿಂತ ಒಳ್ಳೆಯ ಮಾಲು ಇಲ್ಲ. ಕೊಯಮತ್ತೂರಿನ ಪ್ರಿಕೋಲ್‌ನಂಥ ನಮ್ಮ ದೇಶದ ಕಂಪೆನಿಗಳೇ ಗಾಡಿ ತಯಾರಕರಿಗೆ ಮೀಟರ್ ಮಾಡಿಕೊಡುತ್ತವೆ, ಕಂಪೆನಿ ಪೀಸು ಸಿಕ್ಕರೆ ಅದನ್ನೂ ಕೇಳಿ.

ಮೀಟರ್ ಹಿಂದೆ ಬರೆದ ವೋಲ್ಟ್ ಓದದೆ ದುಡ್ಡು ಕೊಡಬೇಡಿ. ದೊಡ್ಡ ಲಾರಿಗಳದ್ದು 24 ವೋಲ್ಟ್, ನೋಡಲು ಒಂದೇ ಥರ. ಡ್ಯಾಶ್‌ಬೋರ್ಡಿನ ತೂತು ಅಳೆದುಕೊಂಡು ಹೋಗಿ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮೀಟರ್‌ಗಳಲ್ಲಿ 52 ಎಂಎಂ, ಅಂದರೆ ಎರಡು ಇಂಚಿನ ಅಳತೆ ಬಹಳ ಸಾಮಾನ್ಯ. ತೂತು ಸ್ವಲ್ಪ ದೊಡ್ಡದಿದ್ದರೆ ತಗಡಿನ ರಿಂಗ್ ಮಾಡಿಸಬಹುದು, ಚಿಕ್ಕದಿದ್ದರೆ ಹಳೇ ಡ್ಯಾಶ್‌ಬೋರ್ಡ್ ಕೊರೆಯಬೇಡಿ, ಕೆಳಗೆ ಒಂದು ಪಟ್ಟಿ ತೂಗುಹಾಕಿ.

ಎಲ್ಲಕ್ಕಿಂತ ದೊಡ್ಡ ಮಾತು: ಎಲೆಕ್ಟ್ರಿಕ್ ಮೀಟರ್ ಕೊಳ್ಳುವುದಾದರೆ ಅದರದ್ದೇ ಸೆನ್ಸರ್ ಜೊತೆಗೆ ಬರುವ ಜೋಡಿಯನ್ನೇ ಕೊಳ್ಳಿ. ಮೀಟರ್ ಮಾತ್ರ ತಂದು ಹಳೇ ಸೆನ್ಸರ್‌ಗೆ ಕಟ್ಟಿದ್ದೇ ನಾನು ಮಾಡಿದ ತಪ್ಪು. ಹಳೇ ಸೆನ್ಸರ್ ಉಳಿಸಲೇಬೇಕಿದ್ದರೆ ಆ ನಾಲ್ಕು ಅಂಕಿಯ ಚೀಟಿ ತೋರಿಸಿ ಕೇಳಿ. "ಎಲ್ಲದಕ್ಕೂ ಆಗುತ್ತೆ" ಅಂದರೆ ಅದು ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ.

ಹೊಸ ಸೆನ್ಸರ್‌ನ ಗುಣಿಯೂ ನೋಡಬೇಕು. ಅಮೆರಿಕನ್ ಕಾಲಿಂಚಿನ ಅರ್ಧದ, ಅಂದರೆ 1/8 ಇಂಚಿನ ಗುಣಿಗೆ ಇಂಚಿಗೆ 27 ಸುತ್ತು, ಬ್ರಿಟಿಷ್ ಗುಣಿಗೆ 28. ಮೊದಲ ಎರಡು ಸುತ್ತು ಆರಾಮಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಇಂಜಿನ್ ಕಡೆಯ ಗುಣಿಯೇ ಹಾಳು. ಕೈಯಲ್ಲಿ ಮೂರು ನಾಲ್ಕು ಸುತ್ತು ಹೋಗದಿದ್ದರೆ ನಿಲ್ಲಿಸಿ, ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಅಡಾಪ್ಟರ್ ಮಾಡಿಸಿ.

ಮೆಕ್ಯಾನಿಕಲ್ ಟೆಂಪರೇಚರ್ ಮೀಟರ್‌ನ ತುದಿಯ ಬಲ್ಬ್, ಉದ್ದದ ಸಣ್ಣ ಕೊಳವೆ, ಮೀಟರ್ ಎಲ್ಲ ಒಂದೇ ಪೀಸು. ಕೊಳವೆ ಉದ್ದವಾಯಿತು ಅಂತ ಕತ್ತರಿಸಿದರೆ ಒಳಗಿನ ದ್ರವ ಹೋಗಿ ಮೀಟರ್ ಸತ್ತಿತು. ಉಳಿದದ್ದನ್ನು ಕೈಬಳೆಯಷ್ಟು ಅಗಲಕ್ಕೆ ಸುತ್ತಿ ಕಟ್ಟಿಡಿ. ಹೋಗುವ ದಾರಿಯನ್ನು ಮೊದಲೇ ದಾರ ಹಿಡಿದು ಅಳೆದುಕೊಳ್ಳಿ, ಗಿಡ್ಡವಾದರೂ ಕಷ್ಟ.

ಬಣ್ಣಬಣ್ಣದ ಎಲ್‌ಇಡಿ, ಕಪ್ಪು ಗಾಜಿನ ಮೀಟರ್‌ಗಳು ಅಗ್ಗಕ್ಕೆ ಸಿಗುತ್ತವೆ. ಟಾಪ್ ಬಿಚ್ಚಿದ ಜೀಪಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಅವುಗಳಲ್ಲಿ ಏನೂ ಕಾಣುವುದಿಲ್ಲ. ನನ್ನ ಆಯ್ಕೆ ಬಿಳಿ ಅಂಕಿ, ಕಪ್ಪು ಹಲಗೆ, ದಪ್ಪ ಮುಳ್ಳು. ಗಾಜಿನ ಅಂಚಿನಲ್ಲಿ ರಬ್ಬರ್ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಒಳಗೆ ಮಂಜು ಕಟ್ಟುತ್ತದೆ. ಗುಜರಿಯಲ್ಲಿ ಸಿಗುವ ಹಳೇ ಮೀಟರೂ ಒಳ್ಳೆಯದೇ, ಆದರೆ ಅದರ ಸೆನ್ಸರನ್ನೂ ಅದೇ ಗಾಡಿಯಿಂದ ಬಿಚ್ಚಿಸಿಕೊಳ್ಳಿ.

ಹಾಕುವ ಮೊದಲು ಮೇಜಿನ ಮೇಲೆ

ಹೊಸ ಜೋಡಿಯನ್ನು ಗಾಡಿಗೆ ಹಾಕುವ ಮೊದಲು ಬ್ಯಾಟರಿ, ಬಿಸಿನೀರು ಇಟ್ಟುಕೊಂಡು ಮನೆಯಲ್ಲೇ ನೋಡಿಬಿಡಿ. ಕುದಿಯುವ ನೀರಿಗೆ ಸೆನ್ಸರ್ ಇಳಿಸಿ, ಅದರ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಒಂದು ವೈರು ಕೊಡಿ. 98ರ ಹತ್ತಿರ ತೋರಿಸಿದರೆ ಗಾಡಿಗೆ ಹಾಕಿ. ಐದು ಡಿಗ್ರಿ ಆಚೀಚೆ ಇದ್ದರೂ ಬದುಕಬಹುದು, ಎಷ್ಟು ಅಂತ ನಿಮಗೆ ಗೊತ್ತಿದ್ದರೆ ಸಾಕು. 15 ಡಿಗ್ರಿ ತಪ್ಪಿದ್ದರೆ ಬಿಲ್ಲು ಹಿಡಿದು ಅಂಗಡಿಗೆ ವಾಪಸ್.

ಕರೆಂಟನ್ನು ಕೀ ಆನ್ ಮಾಡಿದಾಗ ಮಾತ್ರ ಬರುವ ಕಡೆಯಿಂದ ತೆಗೆಯಿರಿ, ಸಣ್ಣ ಫ್ಯೂಸ್ ಹಾಕಿ. ಮೀಟರ್ ಒಳಗಿನ ಬಲ್ಬಿಗೆ ಪಾರ್ಕ್ ಲೈಟಿನ ವೈರು. ಅರ್ಥ್ ವೈರನ್ನು ಪೇಂಟಿಲ್ಲದ ಜಾಗಕ್ಕೇ ಬಿಗಿಯಿರಿ.

ಕೊನೆಗೆ ನಾನು ಹಾಕಿಕೊಂಡದ್ದು ಟ್ರ್ಯಾಕ್ಟರ್‌ನ ಮೆಕ್ಯಾನಿಕಲ್ ಟೆಂಪರೇಚರ್ ಮೀಟರ್. ಬಯಲಲ್ಲಿ 80 ದಾಟುವುದಿಲ್ಲ. ಹುಲಿಕಲ್ ಹತ್ತುವಾಗ ಲೋಡ್ ಇದ್ದರೆ 92ಕ್ಕೆ ಬರುತ್ತದೆ, ಮೇಲೆ ಮಾಸ್ತಿಕಟ್ಟೆ ತಲುಪುವ ಹೊತ್ತಿಗೆ 84ಕ್ಕೆ ಇಳಿದಿರುತ್ತದೆ. ಈ ಮೂರು ಅಂಕಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದಿದ್ದೇನೆ. ನಾನಿಲ್ಲದಾಗ ತಮ್ಮ ಓಡಿಸಿದರೂ 95 ಕಂಡರೆ ನಿಲ್ಲಿಸಬೇಕು ಅಂತ ಅವನಿಗೆ ಗೊತ್ತಾಗುತ್ತದೆ.